ಭಾನುವಾರ ಕುದುರೆ ಹತ್ತಿ ಕಾಡಿಗೆ ಹೋಗಬಹುದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕುದುರೆಯದೇ ಕಾರುಬಾರು. ಬೆಂಗಳೂರಿನ ಸುತ್ತ ಸವಾರಿ ಕಲಿಸುವ ಶಾಲೆಗಳು ಜಾಸ್ತಿ ಆಗಿವೆ. ಅಲ್ಲಿ ಕಲಿತ ಮಕ್ಕಳು ತಮಿಳುನಾಡಿನ ಹೊಸೂರು, ತಳಿ ಕಡೆಯ ಮನೆಗೆ ಬಂದು "ಇಲ್ಲೇ ಕಾಡಿದೆಯಲ್ಲ, ಹೋಗೋಣ" ಅನ್ನುತ್ತಾರೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಮ್ಮ ವಾರ ವಾರ ಅಲ್ಲಿನ ಸರ್ಕಾರಿ ಕಾಡಿಗೆ ತನ್ನ ಕುದುರೆ ತಗೊಂಡು ಹೋಗಿ ಇಡೀ ದಿನ ಸುತ್ತಿ ಬರುತ್ತಾನೆ, ಫೋಟೋ ಕಳಿಸುತ್ತಾನೆ. ನನ್ನ ಮಗಳಿಗೂ ಸವಾರಿ ಬರುತ್ತದೆ. ಜವಳಗಿರಿ ಕಾಡು ನಮಗೆ ದೂರ ಏನಲ್ಲ. ಮೂರು ಕುದುರೆ ಬಾಡಿಗೆಗೆ ತಂದು ಒಂದು ಭಾನುವಾರ ಕಾಡೊಳಗೆ ಹೋಗಿ ಬರಬೇಕು ಅಂತ ಆಸೆ. ಯಾರ ಅನುಮತಿ ಕೇಳಬೇಕು ಸಾರ್?
ಓದುಗರು, ದೆಂಕಣಿಕೋಟೆ

ಉತ್ತರ: ಆಸೆ ಒಳ್ಳೆಯದೇ. ಆದರೆ ಕಾಡೊಳಗೆ ಬೇಡ, ಕಾಡಂಚಿನಲ್ಲಿ ಮಾಡಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ತಮ್ಮ ಹೋಗುವ ಕಾಡಿನ ಲೆಕ್ಕವೇ ಬೇರೆ. ಅಲ್ಲಿ ಬಹಳಷ್ಟು ಸರ್ಕಾರಿ ಕಾಡುಗಳಲ್ಲಿ ಕುದುರೆಗೆ ಅಂತಲೇ ಬಿಟ್ಟ ದಾರಿಗಳಿವೆ, ಗಾಡಿ ನಿಲ್ಲಿಸಿ ಕುದುರೆ ಇಳಿಸಲು ಜಾಗ ಇದೆ. ನಡೆಯುವವರೂ ಸೈಕಲ್‌ನವರೂ ಕುದುರೆ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಹಾಗಂತ ಅಲ್ಲೂ ಸುಮ್ನೆ ನುಗ್ಗುವ ಹಾಗಿಲ್ಲ. ಪಶ್ಚಿಮದ ಎಷ್ಟೋ ರಾಷ್ಟ್ರೀಯ ಅರಣ್ಯಗಳಲ್ಲಿ ಕಳೆಬೀಜ ಇಲ್ಲ ಅಂತ ಪ್ರಮಾಣಪತ್ರ ಇರುವ ಹುಲ್ಲನ್ನೇ ಒಯ್ಯಬೇಕು. ಕೆಲವು ರಾಜ್ಯಗಳ ಕಾಡು, ಪಾರ್ಕುಗಳಲ್ಲಿ ಕುದುರೆಯ ರಕ್ತ ಪರೀಕ್ಷೆಯ ಕಾಗದ ತೋರಿಸಬೇಕು. ತಮ್ಮನನ್ನೇ ಕೇಳಿ ನೋಡಿ, ಆ ಕಾಗದ ಜೇಬಿನಲ್ಲೇ ಇದ್ದೀತು.

ನಮ್ಮ ಕಡೆ ಕಾಡು ಅಂದರೆ ಬಹುತೇಕ ಮೀಸಲು ಅರಣ್ಯ, ಅದರಲ್ಲೂ ದೊಡ್ಡ ಪಾಲು ಈಗ ವನ್ಯಜೀವಿ ಧಾಮ. ಕಾವೇರಿ ಉತ್ತರ ಧಾಮ 2014ರಲ್ಲಿ ಆಯಿತು, ಕಾವೇರಿ ದಕ್ಷಿಣ ಧಾಮ 2022ರಲ್ಲಿ. ಎರಡೂ ಸೇರಿದರೆ ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ಮೀಸಲು ಅರಣ್ಯಕ್ಕೆ 1882ರ ತಮಿಳುನಾಡು ಅರಣ್ಯ ಕಾಯ್ದೆ ಇದೆ, ಧಾಮಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಆ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಧಾಮದೊಳಗೆ ಕಾಲಿಡುವ ಹಾಗೇ ಇಲ್ಲ. ಅದರ ಮೇಲೆ 2018ರ ಮಾರ್ಚ್‌ನಲ್ಲಿ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಚಾರಣಿಗರು ಸಿಕ್ಕಿ 23 ಜನ ಸತ್ತರಲ್ಲ, ಆಮೇಲೆ ನಿಯಮ ಇನ್ನೂ ಬಿಗಿಯಾಯಿತು. ಸರ್ಕಾರ 2024ರಲ್ಲಿ ಆನ್‌ಲೈನ್ ಬುಕಿಂಗ್ ಇಟ್ಟು 40 ಚಾರಣ ದಾರಿಗಳನ್ನು ತೆರೆದಿದೆ ನಿಜ, ಆದರೆ ಅವು ಕಾಲ್ನಡಿಗೆಯವು. ಕುದುರೆ ತಗೊಂಡು ಆ ಗೇಟಿಗೆ ಹೋದರೆ ವಾಪಸ್ ಬರಬೇಕಾಗುತ್ತದೆ. ಬೇಕಾದರೆ ಜಿಲ್ಲಾ ಅರಣ್ಯಾಧಿಕಾರಿಗೆ ಒಂದು ಅರ್ಜಿ ಬರೆದು ನೋಡಿ, ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ "ಪರಿಚಯದ ಗಾರ್ಡ್ ಇದ್ದಾನೆ, ಬಿಡುತ್ತಾನೆ" ಅನ್ನುವವರ ಮಾತು ಕೇಳಬೇಡಿ. ಸಿಕ್ಕಿಬಿದ್ದರೆ ನಿಮ್ಮ ಮೇಲೂ ಕೇಸು, ಅವನ ನೌಕರಿಯೂ ಹೋಗುತ್ತದೆ.

ಕಾನೂನು ಬಿಡಿ, ಆನೆ ಇದೆಯಲ್ಲ. ರಾಗಿ ಬಲಿಯುವ ಹೊತ್ತಿಗೆ, ಅಂದರೆ ಅಕ್ಟೋಬರ್ ಕಳೆಯುತ್ತಿದ್ದ ಹಾಗೆ, ಬನ್ನೇರುಘಟ್ಟದ ಕಡೆಯಿಂದ ಹಿಂಡು ಹಿಂಡಾಗಿ ಆನೆಗಳು ತಳಿ, ಜವಳಗಿರಿ, ದೆಂಕಣಿಕೋಟೆ, ಸಾನಮಾವು ಕಡೆ ಬರುತ್ತವೆ. ಫೆಬ್ರವರಿ ತನಕ ಅವುಗಳದೇ ಓಡಾಟ. ನಿಮ್ಮ ಊರಿನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಬಾಡಿಗೆಗೆ ತಂದ ಕುದುರೆ ಹುಟ್ಟಿದ ಮೇಲೆ ಆನೆ ವಾಸನೆ ಕಂಡಿರುವುದಿಲ್ಲ. ಗಾಳಿಯಲ್ಲಿ ಆ ವಾಸನೆ ಬಂದರೆ ಅದು ಹೇಗೆ ತಿರುಗಿ ಓಡುತ್ತದೋ, ಯಾರನ್ನು ಎಲ್ಲಿ ಬೀಳಿಸುತ್ತದೋ ಹೇಳಕ್ಕಾಗಲ್ಲ. ಲಂಟಾನ ಪೊದೆಗಳ ನಡುವೆ ಸಣ್ಣ ಕಾಲುದಾರಿಯಲ್ಲಿ ಮೂರು ಕುದುರೆ ಒಟ್ಟಿಗೆ ತಿರುಗುವುದಕ್ಕೂ ಜಾಗ ಇರುವುದಿಲ್ಲ.

ಹಾಗಾದರೆ ಏನು ಮಾಡೋದು? ಕೆರೆ ಏರಿ, ಹಳೇ ಬಂಡಿ ಜಾಡು, ನೀಲಗಿರಿ ತೋಪು, ಊರಿಂದೂರಿಗೆ ಹೋಗುವ ಮಣ್ಣು ರಸ್ತೆ. ತಳಿ ಸುತ್ತಮುತ್ತ ಇಂಥ ದಾರಿಗಳಿಗೆ ಬರ ಇಲ್ಲ, ಕಾಡೂ ಪಕ್ಕದಲ್ಲೇ ಕಾಣುತ್ತಿರುತ್ತದೆ. ಪಟ್ಟಾ ಜಮೀನು ದಾಟಬೇಕಾದರೆ ಮುಂಚೆಯೇ ಹೋಗಿ ಆ ಮನೆಯವರನ್ನು ಕೇಳಿ. ಯಾರ ಜಮೀನು ಎಲ್ಲಿ ಮುಗಿಯುತ್ತದೆ, ಅರಣ್ಯ ಗಡಿಕಲ್ಲು ಎಲ್ಲಿದೆ ಅನ್ನೋದು ಊರಿನ ಕುರಿ ಕಾಯುವವರಿಗೆ ಗೊತ್ತಿರುವಷ್ಟು ನಿಮ್ಮ ಮೊಬೈಲ್ ಮ್ಯಾಪಿಗೆ ಗೊತ್ತಿಲ್ಲ.

ತಿಂಗಳು ಯಾವುದು ಅಂದರೆ ನಾನು ಜುಲೈ, ಆಗಸ್ಟ್ ಅಂತೀನಿ. ಮೋಡ ಇರುತ್ತದೆ, ಗಾಳಿ ಇರುತ್ತದೆ, ಬಿಸಿಲು ಚುಚ್ಚುವುದಿಲ್ಲ, ವಲಸೆ ಆನೆಗಳ ಕಾಲವೂ ಅಲ್ಲ. ಹಾಗಿದ್ದರೂ ಹಿಂದಿನ ಸಂಜೆ ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ ಆನೆ ಎಲ್ಲಿದೆ ಅಂತ ಕೇಳಿಕೊಳ್ಳಿ. ವರ್ಷವಿಡೀ ಇಲ್ಲೇ ಉಳಿಯುವ ಒಂಟಿ ಸಲಗಗಳೂ ಇವೆ.

ಪ್ರಶ್ನೆ: ಒಂದು ದಿನಕ್ಕೆ ಎಷ್ಟು ಕಿಲೋಮೀಟರ್ ಇಟ್ಟುಕೊಳ್ಳಬಹುದು? ನಮ್ಮ ಗುಂಪಿನಲ್ಲಿ ಒಬ್ಬರು 40 ಅಂತಾರೆ, ಇನ್ನೊಬ್ಬರು 10 ಸಾಕು ಅಂತಾರೆ. ಕುದುರೆಗೆ ಸುಸ್ತಾಗಿದೆ ಅಂತ ಗೊತ್ತಾಗೋದು ಹೇಗೆ?
ಓದುಗರು, ಹೊಸೂರು

ಉತ್ತರ: ಹತ್ತು ಅಂದವರೇ ಬುದ್ಧಿವಂತರು. ಹದಿನೈದರ ತನಕ ಹೋಗಬಹುದು.

ಕುದುರೆ ಹೆಜ್ಜೆ ನಡಿಗೆಯಲ್ಲಿ ಗಂಟೆಗೆ ಸುಮಾರು 6 ಕಿಲೋಮೀಟರ್ ಹೋಗುತ್ತದೆ. ಕಲ್ಲುಮುಳ್ಳು, ಏರಿಳಿತ, ಫೋಟೋಗೆ ನಿಲ್ಲೋದು, ಟೀ ಕುಡಿಯೋದು ಎಲ್ಲ ಸೇರಿದರೆ ನಾಲ್ಕಕ್ಕೆ ಇಳಿಯುತ್ತದೆ. ಅಂದರೆ ಹದಿನೈದು ಕಿಲೋಮೀಟರಿಗೆ ನಾಲ್ಕು ಗಂಟೆ ಹತ್ತಿರ. ಸವಾರಿ ಶಾಲೆಯ ಬೇಲಿ ಹಾಕಿದ ಅಂಕಣದೊಳಗೆ ದಿನಕ್ಕೆ ಮುಕ್ಕಾಲು ಗಂಟೆ ಸವಾರಿ ಮಾಡಿ ಅಭ್ಯಾಸ ಇರುವವರಿಗೆ ನಾಲ್ಕು ಗಂಟೆ ಜೀನಿನ ಮೇಲೆ ಕೂತರೆ ಮಾರನೇ ದಿನ ಮೆಟ್ಟಿಲು ಇಳಿಯೋದೇ ಕಷ್ಟ. ಕುದುರೆಯೂ ಅದೇ ಅಂಕಣದ ಕುದುರೆ ಅಲ್ವಾ? ಅದರ ಮಾಂಸಖಂಡಕ್ಕೂ ದೂರ ಹೊಸದು. ಯೋಚನೆ ಇದ್ದರೆ ಒಂದು ತಿಂಗಳ ಮುಂಚಿನಿಂದಲೇ ಇಬ್ಬರೂ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿಕೊಂಡು ಬನ್ನಿ.

ಹೊರಡುವ ಹೊತ್ತಿನ ಬಗ್ಗೆ ಒಂದು ತಕರಾರು ಇದ್ದೇ ಇರುತ್ತದೆ. ಬಿಸಿಲಿಗೆ ಹೆದರಿದರೆ ಐದೂವರೆಗೆ ಹೊರಡಬೇಕು, ಆನೆಗೆ ಹೆದರಿದರೆ ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಬೇಕು, ಯಾಕಂದರೆ ರಾತ್ರಿ ಹೊಲ ಮೇದ ಆನೆ ಕಾಡಿಗೆ ಮರಳುವುದು ಆ ಮುಂಜಾವಿನಲ್ಲೇ. ನಾನು ಆನೆಗೇ ಹೆದರುವವನು. ಏಳು ಗಂಟೆ ಕಳೆದ ಮೇಲೆ ಹೊರಡಿ, ಹನ್ನೊಂದೂವರೆ ಒಳಗೆ ಕುದುರೆ ನೆರಳಿಗೆ ಬಂದಿರಲಿ. ಹೊಸೂರು ಕಡೆಯ ತಂಪು ಹವೆಯಲ್ಲಿ ಇದು ಆಗುತ್ತದೆ. ಧರ್ಮಪುರಿ ಕಡೆ ಇಳಿದರೆ ಆಗಲ್ಲ. ಗಾಡಿಗೆ ಕಟ್ಟುವ, ಹೊರೆ ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲೇ ಕೇಂದ್ರ ಸರ್ಕಾರ ಮಾಡಿದ ನಿಯಮ ಇದೆ: ದಿನಕ್ಕೆ ಒಟ್ಟು 9 ಗಂಟೆಗಿಂತ ಜಾಸ್ತಿ ಇಲ್ಲ, ಒಂದೇ ಸಮನೆ 5 ಗಂಟೆಗಿಂತ ಜಾಸ್ತಿ ಇಲ್ಲ, 37 ಡಿಗ್ರಿ ದಾಟುವ ಜಾಗದಲ್ಲಿ ಮಧ್ಯಾಹ್ನ 12ರಿಂದ 3ರ ತನಕ ದುಡಿಸುವ ಹಾಗಿಲ್ಲ. ಜಟಕಾ ಕುದುರೆಗೇ ಇಷ್ಟು ಅಂದಮೇಲೆ ಮೋಜಿಗೆ ತಂದ ಕುದುರೆಗೆ ಇನ್ನೂ ಕಡಿಮೆ ಇರಬೇಕು.

ಸುಸ್ತು ಗೊತ್ತುಮಾಡಿಕೊಳ್ಳೋದು ಕಷ್ಟ ಏನಿಲ್ಲ, ಆದರೆ ಹೊರಡುವ ಮುಂಚೆ ಅದು ಆರಾಮಾಗಿದ್ದಾಗ ಹೇಗಿರುತ್ತದೆ ಅಂತ ನೋಡಿಟ್ಟುಕೊಂಡಿರಬೇಕು. ಎಡ ಮುಂಗಾಲಿನ ಮೊಣಕೈ ಹಿಂದೆ ಎದೆಗೆ ಅಂಗೈ ಇಟ್ಟು, ಅಥವಾ ದವಡೆಯ ಕೆಳಗೆ ಓಡುವ ರಕ್ತನಾಳಕ್ಕೆ ಬೆರಳಿಟ್ಟು, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತ ದೊಡ್ಡ ಕುದುರೆಯ ಬಡಿತ ನಿಮಿಷಕ್ಕೆ 28ರಿಂದ 44. ಸವಾರಿ ನಿಲ್ಲಿಸಿ ನೆರಳಲ್ಲಿ ಹತ್ತು ಹದಿನೈದು ನಿಮಿಷ ಆದಮೇಲೂ 60ರ ಮೇಲೇ ಇದ್ದರೆ ಆವತ್ತಿನ ಸವಾರಿ ಮುಗಿಯಿತು, ಇಳಿದು ನಡೆಸಿಕೊಂಡು ಬನ್ನಿ. ದೂರದ ಸವಾರಿ ಸ್ಪರ್ಧೆಗಳಲ್ಲಿ ಬಡಿತ 64ಕ್ಕೆ ಇಳಿಯದಿದ್ದರೆ ಪಶುವೈದ್ಯರು ಮುಂದಕ್ಕೆ ಬಿಡುವುದಿಲ್ಲ, ಅವು ವರ್ಷಗಟ್ಟಲೆ ತಯಾರಾದ ಕುದುರೆಗಳು. ಇನ್ನು ತುಟಿ ಎತ್ತಿ ವಸಡನ್ನು ಹೆಬ್ಬೆರಳಲ್ಲಿ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡ್ ಒಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಭುಜದ ಹತ್ತಿರ ಚರ್ಮ ಚಿವುಟಿ ಬಿಟ್ಟರೆ ಥಟ್ಟನೆ ಕೂರಬೇಕು, ಮಡಿಕೆ ಹಾಗೇ ನಿಂತರೆ ಮೈಯಲ್ಲಿ ನೀರು ಕಮ್ಮಿ ಆಗಿದೆ ಅಂತ ಅರ್ಥ.

ಪದೇ ಪದೇ ಎಡವೋದು, ಕತ್ತು ಜೋತುಬೀಳೋದು, ಬೆವರಬೇಕಾದ ಬಿಸಿಲಲ್ಲಿ ಮೈ ಒಣಗಿರೋದು, ಇವಕ್ಕೆ ಎಣಿಕೆಯೇ ಬೇಡ. ಅದರಲ್ಲೂ ಬೆವರು ನಿಂತ ಕುದುರೆ ಅಪಾಯದಲ್ಲಿದೆ. ಮೈ ಮೇಲೆ ನೀರು ಸುರಿಯುತ್ತಲೇ ಇರಿ, ಡಾಕ್ಟರಿಗೆ ಫೋನ್ ಮಾಡಿ.

ಪ್ರಶ್ನೆ: ನನ್ನ ತೂಕ 94 ಕಿಲೋ. ನಾನು ಹತ್ತಬಹುದಾ?
ಹೆಸರು ಬೇಡ, ಕೃಷ್ಣಗಿರಿ

ಉತ್ತರ: ಸಾಮಾನ್ಯವಾಗಿ ಒಪ್ಪುವ ಲೆಕ್ಕ ಇದು: ಸವಾರ, ಜೀನು, ಚೀಲ ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ದಾಟಬಾರದು. ಜೀನಿಗೆ ಹತ್ತು ಕಿಲೋ ಅಂದುಕೊಂಡರೂ ನಿಮಗೆ 520 ಕಿಲೋಗೆ ಕಮ್ಮಿ ಇಲ್ಲದ ಕುದುರೆ ಬೇಕು. ರೇಸ್ ಕೋರ್ಸಿನಿಂದ ಬಂದ ಥರೋಬ್ರೆಡ್ ಕೆಲವು ಅಷ್ಟಿರುತ್ತವೆ. ಕಾಥಿಯಾವಾಡಿ, ಮಾರವಾಡಿ ಕುದುರೆಗಳಲ್ಲಿ ಅಷ್ಟು ತೂಗುವುದು ಕಮ್ಮಿ, ಪ್ರವಾಸಿ ಜಾಗಗಳ ತಟ್ಟುಗಳಂತೂ ಇಲ್ಲವೇ ಇಲ್ಲ. ಸಿಗದಿದ್ದರೆ ಬೇಜಾರು ಬೇಡ. ಊಟ, ನೀರು ತಗೊಂಡು ಜೀಪಿನಲ್ಲಿ ಹಿಂದೆ ಬರುವವರು ಒಬ್ಬರು ಬೇಕೇ ಬೇಕು, ಆ ಕೆಲಸ ನೀವು ಹಿಡಿಯಿರಿ. ಇಡೀ ಗುಂಪು ನಿಮ್ಮನ್ನೇ ಕಾಯುತ್ತಿರುತ್ತದೆ.

ಪ್ರಶ್ನೆ: ದಾರಿಯಲ್ಲಿ ಕುದುರೆಗೆ ಏನು ತಿನ್ನಿಸಬೇಕು? ಬೆವರಿದ ಕುದುರೆಗೆ ನೀರು ಕೊಡಬಾರದು ಅಂತ ನಮ್ಮ ತಾತ ಹೇಳುತ್ತಿದ್ದರು. ಹುರುಳಿ ಬೇಯಿಸಿ ಒಯ್ಯಬೇಕಾ?
ಓದುಗರು, ತಳಿ

ಉತ್ತರ: ತಾತನ ಮಾತನ್ನು ಇದೊಂದರಲ್ಲಿ ಬಿಡಿ. ದಾರಿಯಲ್ಲಿ ನೀರು ಕಂಡ ಕಡೆಯೆಲ್ಲ ಕುಡಿಯಲು ಬಿಡಬೇಕು. ಕುಡಿದ ಮೇಲೆ ನಿಂತುಬಿಡದೆ ಹಗುರ ನಡಿಗೆಯಲ್ಲಿ ಮುಂದೆ ಹೋದರಾಯಿತು. ದಿನಕ್ಕೆ 25ರಿಂದ 45 ಲೀಟರ್ ಕುಡಿಯುವ ಪ್ರಾಣಿ ಅದು, ಬಿಸಿಲಲ್ಲಿ ಕೆಲಸ ಮಾಡಿದರೆ ಇನ್ನೂ ಜಾಸ್ತಿ. ನನ್ನ ಪ್ರಕಾರ ದಾರಿ ಗುರುತು ಮಾಡುವಾಗ ಮೊದಲು ನೋಡಬೇಕಾದ್ದು ನೋಟ ಎಲ್ಲಿ ಚೆನ್ನಾಗಿದೆ ಅಂತಲ್ಲ, ನೀರು ಎಲ್ಲಿದೆ ಅಂತ. ಗಂಟೆಗೊಂದು ಕೆರೆಯೋ ತೊಟ್ಟಿಯೋ ಬೋರ್‌ವೆಲ್ಲೋ ಸಿಗುವ ಹಾಗೆ ದಾರಿ ಹಾಕಿ. ಹೂವಿನ ತೋಟಗಳ ಹತ್ತಿರದ ಹೊಂಡದ ನೀರು ಬೇಡ, ಔಷಧಿ ಹೊಡೆಯುವವರು ಡ್ರಮ್ ತೊಳೆದಿರುತ್ತಾರೆ.

ಹುರುಳಿ ಬಗ್ಗೆ ಹೇಳಬೇಕು ಅಂದರೆ, ದಿನಾ ತಿನ್ನುವ ಕುದುರೆಗೆ ಮನೆಗೆ ಬಂದು ಮೈ ಆರಿದ ಮೇಲೆ ಕೊಡಿ. ಸವಾರಿಗೆ ಮುಂಚೆ ಹೊಟ್ಟೆ ತುಂಬ ಕಾಳು ಬೇಡ, ನಡುವೆಯೂ ಬೇಡ. ಹುಲ್ಲು ಮಾತ್ರ ಯಾವಾಗಲೂ ಆಗುತ್ತದೆ. ಕುದುರೆಯ ಜಠರ ಅದರ ಗಾತ್ರಕ್ಕೆ ಬಹಳ ಚಿಕ್ಕದು, ಮೇಲಾಗಿ ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹಿಂದೆಯೇ ಹೋಗಬೇಕು. ಅಭ್ಯಾಸ ಇಲ್ಲದ್ದನ್ನು ಒಂದೇ ಸಲ ಸುರಿದರೆ ಹೊಟ್ಟೆಶೂಲೆ ಗ್ಯಾರಂಟಿ. ನೆಲ ಕೆರೆಯೋದು, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳೋದು, ಮತ್ತೆ ಮತ್ತೆ ಬಿದ್ದು ಹೊರಳೋದು ಮಾಡಿದರೆ ಅದೇ. ಆಗ ಮನೆಮದ್ದಿಗೆ ಕೂರಬೇಡಿ, ಪಶುವೈದ್ಯರನ್ನು ಕರೆಸಿ. ಹೊರಡುವ ಮುಂಚೆಯೇ ಹತ್ತಿರದ ಡಾಕ್ಟರ ನಂಬರ್ ಇಟ್ಟುಕೊಂಡು, ಭಾನುವಾರ ಅವರು ಊರಲ್ಲಿರುತ್ತಾರಾ ಅಂತಲೂ ಕೇಳಿ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಹೆದ್ದಾರಿಯ ನಡುವೆ ಸಾಲಾಗಿ ಬೆಳೆಸಿದ್ದಾರಲ್ಲ ಕಣಗಿಲೆ, ಅದರ ಕೆಲವು ಎಲೆ ತಿಂದರೂ ಕುದುರೆ ಸಾಯುತ್ತದೆ. ಒಣಗಿದ ಎಲೆಯೂ ಅಷ್ಟೇ ವಿಷ. ರಸ್ತೆ ದಾಟಲು ನಿಂತಾಗ ಕುದುರೆ ಸುಮ್ನೆ ಬಾಯಿ ಹಾಕುತ್ತದೆ, ಲಗಾಮು ಗಿಡ್ಡ ಹಿಡಿದಿರಿ. ರಾಗಿ ಹೊಲದ ಬದಿಯಲ್ಲೂ ಹಾಗೇ ಹಿಡಿಯಿರಿ, ಅದು ವಿಷಕ್ಕಲ್ಲ, ಮರ್ಯಾದೆಗೆ. ಆನೆ ಬಿಟ್ಟದ್ದನ್ನು ನಿಮ್ಮ ಕುದುರೆ ತಿಂದಿತು ಅಂತ ಆಗಬಾರದಲ್ಲ.

ಪ್ರಶ್ನೆ: ಆಡಿ ತಿಂಗಳಲ್ಲಿ ಅಂದಿಯೂರು ಜಾತ್ರೆಯಲ್ಲಿ ಕುದುರೆ ಕೊಂಡು, ಬರಗೂರು ಬೆಟ್ಟದ ಮೇಲೆ ಹಾಯಾಗಿ ಸವಾರಿ ಮಾಡಿಕೊಂಡು ಬಂದರೆ ಹೇಗೆ? ಬೆಟ್ಟದಲ್ಲಿ ನಮ್ಮ ನೆಂಟರಿದ್ದಾರೆ.
ಓದುಗರು, ತಾಳವಾಡಿ

ಉತ್ತರ: ಸಿನಿಮಾ ಥರ ಇದೆ ನಿಮ್ಮ ಯೋಜನೆ. ಜಾತ್ರೆ ನೋಡಲು ಹೋಗಿ, ಖಂಡಿತ ಹೋಗಿ. ಗುರುನಾಥಸ್ವಾಮಿ ಜಾತ್ರೆಗೆ ಬರುವಷ್ಟು ಬಗೆಬಗೆ ಕುದುರೆಗಳನ್ನು ಒಂದೇ ಜಾಗದಲ್ಲಿ ನಮ್ಮ ಸೀಮೆಯಲ್ಲಿ ಬೇರೆಲ್ಲೂ ನೋಡಲಾರಿರಿ. ಬರಗೂರಿನ ಕೆಂಪು ಬಿಳಿ ಮಚ್ಚೆಯ ದನಗಳೂ ಅಲ್ಲಿ ಸಿಗುತ್ತವೆ, ಅವನ್ನು ಸಾಕಿದ ಲಿಂಗಾಯತರ ಕನ್ನಡ ಕೇಳಲು ಚಂದ. ಆದರೆ ಕೊಂಡ ದಿನವೇ ಹತ್ತಿ ಬೆಟ್ಟಕ್ಕೆ ಹೋಗುವುದು ಆಗದ ಮಾತು. ಜಾತ್ರೆಯ ಗದ್ದಲದಲ್ಲಿ ಬೆದರಿದ ಕುದುರೆಯ ಸ್ವಭಾವ ನಿಮಗೆ ಗೊತ್ತಿಲ್ಲ, ಕಾಲು ನೋವು ಕಾಣದಿರಲಿ ಅಂತ ಮದ್ದು ಕೊಟ್ಟಿದ್ದರೂ ಗೊತ್ತಾಗುವುದಿಲ್ಲ. ಕುದುರೆಗಳಿಗೆ ಗ್ಲ್ಯಾಂಡರ್ಸ್ ಅಂತ ಒಂದು ಕಾಯಿಲೆ ಇದೆ, ಅದು ಮನುಷ್ಯರಿಗೂ ಹರಡುತ್ತದೆ. ಪರೀಕ್ಷೆಯಲ್ಲಿ ಇದೆ ಅಂತ ಬಂದರೆ ಸರ್ಕಾರವೇ ಆ ಪ್ರಾಣಿಯನ್ನು ಕೊಲ್ಲಿಸುತ್ತದೆ. ಹಾಗಾಗಿ ರಕ್ತ ಪರೀಕ್ಷೆಯ ವರದಿ ಕೈಗೆ ಬರುವ ತನಕ ದುಡ್ಡು ಪೂರ್ತಿ ಕೊಡಬೇಡಿ.

ಬೆಟ್ಟದ್ದೂ ಅದೇ ಕಥೆ. ಅಂದಿಯೂರು ಸುತ್ತಿನ ಕಾಡು 2024ರಲ್ಲಿ ತಂದೈ ಪೆರಿಯಾರ್ ವನ್ಯಜೀವಿ ಧಾಮ ಆಗಿದೆ. ನಿಮ್ಮ ತಾಳವಾಡಿಯಂತೂ 2013ರಿಂದ ಸತ್ಯಮಂಗಲ ಹುಲಿ ಮೀಸಲು ಪ್ರದೇಶದ ಮಡಿಲಲ್ಲೇ ಇದೆ, ದಿಂಬಂ ಘಾಟಿಯಲ್ಲಿ ರಾತ್ರಿ ಗಾಡಿ ಓಡಾಟಕ್ಕೇ ತಡೆ ಇದೆ. ನೆಂಟರ ಊರಿನೊಳಗೆ, ಅವರ ಹೊಲದ ಸುತ್ತ ಮಕ್ಕಳನ್ನು ಕೂರಿಸಿ ತಿರುಗಿಸಿ, ಯಾರೂ ಬೇಡ ಅನ್ನಲ್ಲ.

ಪ್ರಶ್ನೆ: ಕಾಸರಗೋಡಿನಲ್ಲಿ ಇಂಥದ್ದಕ್ಕೆ ಜಾಗ ಉಂಟಾ? ರಾಣಿಪುರಂ ಗುಡ್ಡದ ಹುಲ್ಲು ನೋಡಿದರೆ ಕುದುರೆಗೇ ಮಾಡಿಟ್ಟ ಹಾಗೆ ಕಾಣುತ್ತದೆ.
ಓದುಗರು, ಮುಳ್ಳೇರಿಯ

ಉತ್ತರ: ಕಾಣುತ್ತದೆ, ಹೌದು. ಆದರೆ ರಾಣಿಪುರಂ ಅರಣ್ಯ ಇಲಾಖೆ ಟಿಕೆಟ್ ಕೊಟ್ಟು ಜನರನ್ನು ನಡೆಸಿ ಹತ್ತಿಸುವ ಗುಡ್ಡ. ಆ ಕಾಲುದಾರಿ ನಡೆಯುವವರಿಗೇ ಮಳೆಗಾಲದಲ್ಲಿ ಜಾರುತ್ತದೆ, ಜಿಗಣೆ ಬೇರೆ. ನಿಮ್ಮ ಕಡೆಯ ಪಾದೆಗಳ (ಕೆಂಪುಕಲ್ಲಿನ ಬಯಲುಗಳ) ಮೇಲೂ ನಾನು ಕುದುರೆ ಬಿಡೆ. ಕೆಂಪುಕಲ್ಲು ಒಣಗಿದಾಗ ಗೊರಸನ್ನು ಉಜ್ಜಿ ತೆಗೆಯುತ್ತದೆ, ಒದ್ದೆಯಾದರೆ ಲಾಳ ಹೊಡೆದ ಕಾಲು ನಿಲ್ಲುವುದೇ ಇಲ್ಲ. ಮಳೆ ಬಿಟ್ಟ ಮೇಲೆ ತೋಟದ ಮಣ್ಣು ದಾರಿ, ಬೇಸಾಯ ಮುಗಿದ ಗದ್ದೆ ಆದೀತು.

ಪ್ರಶ್ನೆ: ಏನು ಹಾಕಿಕೊಳ್ಳಬೇಕು? ಕುದುರೆ ಬೆದರಿ ಓಡಿದರೆ ಏನು ಮಾಡೋದು? ನನಗೆ ಅದೇ ಭಯ.
ಕಾಲೇಜು ವಿದ್ಯಾರ್ಥಿನಿ, ಹೊಸೂರು

ಉತ್ತರ: ಭಯ ಇರೋದು ಒಳ್ಳೆಯದಮ್ಮಾ. ತಲೆಗೆ ಸವಾರಿಯದೇ ಹೆಲ್ಮೆಟ್ ಹಾಕು, ಬೈಕಿನದು ಭಾರ, ಕತ್ತು ತಿರುಗಿಸಲು ಬಿಡಲ್ಲ. ಒಂದಿಂಚು ಹಿಮ್ಮಡಿ ಇರುವ ಶೂ ಬೇಕು. ಚಪ್ಪಟೆ ಶೂ ಆದರೆ ಪಾದ ರಿಕಾಪಿನೊಳಗೆ (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಕೊಂಡಿ) ನುಗ್ಗಿ ಸಿಕ್ಕಿಕೊಳ್ಳುತ್ತದೆ, ಬಿದ್ದಾಗ ಕುದುರೆ ಎಳೆದುಕೊಂಡು ಹೋಗುತ್ತದೆ. ಬೀಳುವುದಕ್ಕಿಂತ ಅದು ಕೆಟ್ಟದು. ದುಪ್ಪಟ್ಟಾ, ಜೋಲುವ ಬ್ಯಾಗು, ಸೆಂಟು ಮೂರೂ ಬೇಡ. ಸೆಂಟು ಯಾಕೆ ಬೇಡ ಅಂದರೆ ದೊಡ್ಡ ಆಲದ ಮರ, ಬಂಡೆ ಇರುವಲ್ಲಿ ಹೆಜ್ಜೇನು ಇರುತ್ತದೆ.

ನಿಮ್ಮ ಊರ ಕಡೆ ಕುದುರೆ ಬೆದರುವುದು ಜಾಸ್ತಿ ಯಾವುದಕ್ಕೆ ಗೊತ್ತಾ? ಗುಲಾಬಿ ಬೆಳೆಯುವ ಪಾಲಿಹೌಸುಗಳ ಹರಿದ ಪ್ಲಾಸ್ಟಿಕ್ ಗಾಳಿಗೆ ಪಟಪಟ ಅನ್ನುತ್ತದಲ್ಲ, ಅದಕ್ಕೆ. ಆಮೇಲೆ ನಾಯಿ, ಹಿಂದಿನಿಂದ ಹಾರ್ನ್ ಹೊಡೆಯುವ ಬೈಕು. ಸೋಲಾರ್ ಬೇಲಿಯಿಂದಂತೂ ದೂರ ಇರು, ಕುದುರೆಯ ಮೂಗು ತಾಗಿದರೆ ಒಂದು ಏಟಿಗೆ ಹಾರುತ್ತದೆ. ಆನೆ ಕಂದಕದ ಅಂಚಿನಲ್ಲೂ ನಡೆಸಬೇಡ, ಮಳೆಗೆ ಮಣ್ಣು ಕುಸಿದಿರುತ್ತದೆ.

ಓಡಿದರೆ ಎರಡೂ ಕೈಯಲ್ಲಿ ಒಟ್ಟಿಗೆ ಜಗ್ಗಿಕೊಂಡೇ ಇರಬೇಡ, ಅದು ಬಾಯಿ ಗಟ್ಟಿ ಮಾಡಿಕೊಂಡು ಇನ್ನೂ ಓಡುತ್ತದೆ. ಹಿಂದಕ್ಕೆ ಸರಿದು ಕೂತು, ಬಿಡು, ಎಳೆ, ಬಿಡು, ಎಳೆ. ಬಯಲು ಇದ್ದರೆ ನಿಧಾನಕ್ಕೆ ದೊಡ್ಡ ಸುತ್ತಿಗೆ ತಿರುಗಿಸು, ಸುತ್ತು ಚಿಕ್ಕದು ಮಾಡುತ್ತಾ ಬಾ. ಹಿಂದಿನವರು ಅಟ್ಟಿಸಿಕೊಂಡು ಬರಬಾರದು, ಬಂದರೆ ನಿನ್ನ ಕುದುರೆಗೆ ಅದು ರೇಸು. ಒಬ್ಬರ ಹಿಂದೆ ಒಬ್ಬರು ಒಂದು ಕುದುರೆಯಷ್ಟು ಜಾಗ ಬಿಟ್ಟು ನಡೆಯಿರಿ, ಒದೆಯುವ ಕುದುರೆಯ ಬಾಲಕ್ಕೆ ಕೆಂಪು ಪಟ್ಟಿ ಕಟ್ಟಿ ಕೊನೆಯಲ್ಲಿಡಿ. ಮನೆ ಕಡೆ ತಿರುಗಿದ ಕುದುರೆಗೆ ಕಾಲು ತಾನಾಗಿ ಬೇಗ ಬರುತ್ತದೆ. ಹಾಗಾಗಿ ಕೊನೆಯ ಒಂದೆರಡು ಕಿಲೋಮೀಟರ್ ಯಾರೂ ಓಡಿಸಬಾರದು ಅಂತ ಹೊರಡುವಾಗಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಊಟಕ್ಕೆ ನಿಂತಾಗ ಕುದುರೆಯನ್ನು ಮರಕ್ಕೆ ಕಟ್ಟಬಹುದಾ? ದಾರಿಯಲ್ಲಿ ಲಾಳ ಕಿತ್ತುಬಂದರೆ ಏನು ದಾರಿ?
ಓದುಗರು, ಮಡಕಶಿರ

ಉತ್ತರ: ಒಂದೇ ಮರಕ್ಕೆ ಗಂಟೆಗಟ್ಟಲೆ ಕಟ್ಟಿದರೆ ತೊಗಟೆ ಕಡಿಯುತ್ತದೆ, ಗೊರಸಲ್ಲಿ ಬೇರು ಕೆದರುತ್ತದೆ. ಅಮೆರಿಕದ ಕಾಡುಗಳಲ್ಲಿ ಇದಕ್ಕೇ ಎರಡು ಮರಗಳ ನಡುವೆ ತಲೆಗಿಂತ ಎತ್ತರಕ್ಕೆ ಒಂದು ಹಗ್ಗ ಬಿಗಿದು, ಆ ಹಗ್ಗಕ್ಕೆ ಕುದುರೆ ಕಟ್ಟುತ್ತಾರೆ. ಮರಕ್ಕೆ ಅಗಲ ಪಟ್ಟಿ ಸುತ್ತಿರುತ್ತಾರೆ, ತೊಗಟೆ ಕುಯ್ಯುವುದಿಲ್ಲ. ನಾವೂ ಹಾಗೇ ಮಾಡಬಹುದು, ಖರ್ಚೇನಿಲ್ಲ. ಕಡಿವಾಣಕ್ಕೆ ಹಗ್ಗ ಹಾಕಿ ಕಟ್ಟಬೇಡಿ, ಬೆದರಿ ಎಳೆದರೆ ಬಾಯಿ ಹರಿಯುತ್ತದೆ. ಮುಖಕ್ಕೆ ಬರೀ ಹಗ್ಗದ ದಾಬು ಹಾಕಿ ಅದಕ್ಕೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಇರಲಿ. ಹೊರಡುವಾಗ ಲದ್ದಿ ಕಾಲಲ್ಲಿ ಒದ್ದು ಹರಡಿ, ಅಥವಾ ಹೊಲದವರನ್ನು ಕೇಳಿ, ಅವರೇ ಬುಟ್ಟಿ ತರುತ್ತಾರೆ.

ಲಾಳ ಹೋದರೆ ಮೊದಲು ಇಳಿಯಿರಿ. ಅರ್ಧ ಕಿತ್ತು ತಿರುಗಿಕೊಂಡಿದ್ದರೆ ಅದರ ಮೊಳೆ ಅಂಗಾಲಿಗೆ ಚುಚ್ಚುತ್ತದೆ, ಹಾಗಾಗಿ ಪೂರ್ತಿ ತೆಗೆಯಬೇಕು. ಇದಕ್ಕೆ ಒಂದು ಇಕ್ಕಳ ಜೀಪಿನಲ್ಲಿ ಇರಲಿ, ಕುದುರೆ ಜೊತೆ ಬರುವ ಲಾಯದ ಹುಡುಗನಿಗೆ ಈ ಕೆಲಸ ಬರುತ್ತದಾ ಅಂತ ಬಾಡಿಗೆ ಮಾತಾಡುವಾಗಲೇ ಕೇಳಿ. ಗೊರಸಿಗೆ ದಪ್ಪ ಬಟ್ಟೆ ಮಡಿಸಿಟ್ಟು ಅಗಲ ಟೇಪು ಸುತ್ತಿ, ಮೆತ್ತಗಿನ ಮಣ್ಣಿರುವ ಕಡೆ ನಡೆಸಿಕೊಂಡು ಬನ್ನಿ. ಲಾಳ ಹೊಡೆಯುವವರು ಈಗ ಊರೂರಲ್ಲಿ ಸಿಗಲ್ಲ. ಬ್ರಿಟಿಷರ ಕಾಲದಲ್ಲಿ ಹೊಸೂರು ಪಕ್ಕದ ಮತ್ತಿಗಿರಿ ಫಾರಂನಲ್ಲಿ ಸೇನೆಗೆ ಕುದುರೆ ಸಾಕುತ್ತಿದ್ದ ಸೀಮೆ ಇದು, ಈಗ ಒಂದು ಲಾಳಕ್ಕೆ ಬೆಂಗಳೂರಿಗೆ ಫೋನ್ ಮಾಡಬೇಕು. ಸವಾರಿಗೆ ಒಂದು ವಾರ ಮುಂಚೆಯೇ ನಾಲ್ಕೂ ಕಾಲು ನೋಡಿಸಿ ಮೊಳೆ ಬಿಗಿ ಮಾಡಿಸಿಬಿಡಿ. ಹಿಂದಿನ ದಿನ ಹೊಸ ಲಾಳ ಹಾಕಿಸಬೇಡಿ, ಮೊಳೆ ಗೊರಸಿನೊಳಗಿನ ಜೀವದ ಭಾಗಕ್ಕೆ ತಾಗಿದ್ದರೆ ಕುಂಟು ಕಾಣಿಸಿಕೊಳ್ಳಲು ಒಂದೆರಡು ದಿನ ಬೇಕಾಗುತ್ತದೆ.